ಸರದಾರನಿಗೆ ಹಾಕಿದ ಹುಗ್ಗಿ

೧೧ ಜೂನ್ ೧೯೭೮, ರವಿವಾರ
ದೇವಿಕೊಪ್ಪ

ಈ ವಹಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ ಉಳಿದಿವೆ. ಅವರು ಬರೆದ ಕೊನೆಯ ಸಾಲು ಫೆಬ್ರುವರಿ ಏಳರದು: "ಸರದಾರನ ನಾಲು ಸಡಿಲಾಗಿದೆ. ದಾವೂದಸಾಬನಿಗೆ ಹೇಳಿ ಕಳಿಸಬೇಕು." ಮರುದಿನ ಮುಂಜಾನೆ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತವರು ಏಳಲೇ ಇಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಮನುಷ್ಯನ ಕಡೆಯ ಮಾತು ತಟ್ಟು ಕುದುರೆಯ ಗೊರಸಿಗೆ ಬಡಿಯುವ ನಾಲಿನ ಬಗ್ಗೆ! ಹೆಂಡತಿಯ ಬಗ್ಗೆ ಒಂದು ಅಕ್ಷರ ಇಲ್ಲ. ಇರಲಿ. ಹಾಳೆ ಸುಮ್ಮನೆ ಹಾಳಾಗಬಾರದೆಂದು ನಾನು ಬರೆಯುತ್ತಿದ್ದೇನೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಮೇಲೆ ಅಂಗಡಿಯ ಚೀಟಿ ಬಿಟ್ಟರೆ ಬೇರೇನೂ ಬರೆದವಳಲ್ಲ.

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಬರೆಯುವುದಕ್ಕೆ ಏನು ಅಡ್ಡಿ? ಈರಬಸಪ್ಪ. ಸಿಡುಬಿನ ಚುಚ್ಚುಮದ್ದು ಹಾಕುವ ಸರಕಾರಿ ಕೆಲಸ. ಸಿಡುಬಿಗೆ ನಮ್ಮ ಕಡೆ ದೇವಿ ಎನ್ನುತ್ತಾರೆ, ಹಾಗಾಗಿ ಜನರ ಬಾಯಲ್ಲಿ ದೇವಿ ಡಾಕ್ಟರು. ಬಸ್ಸು ಹೋಗದ ಕಾಡಂಚಿನ ಊರುಗಳಿಗೆಲ್ಲ ತಟ್ಟು ಹತ್ತಿ ಹೋಗಿ ಬರುತ್ತಿದ್ದರು. ದೇಶದಿಂದ ಸಿಡುಬು ಹೋಯಿತು, ಅವರ ಕೆಲಸ ಮುಗಿಯಿತು, ಹಿಂದೆಯೇ ಅವರೂ ಹೋದರು. ನಮಗೆ ಮಕ್ಕಳಾಗಲಿಲ್ಲ. ಉಳಿದದ್ದು ನಾನು ಮತ್ತು ಈ ತಟ್ಟು.

ಅದಕ್ಕೆ ಸರದಾರ ಎಂದು ಅವರೇ ಹೆಸರಿಟ್ಟಿದ್ದು. ನನ್ನ ಹೆಗಲಿಗೂ ಬರದ ಸರದಾರ! ಮೇವು, ನೀರು, ಮೈ ತಿಕ್ಕುವುದು ಎಲ್ಲವನ್ನೂ ಅವರೇ ಮಾಡುತ್ತಿದ್ದರು. ನಾನು ಹತ್ತಿರ ಹೋದರೆ ಕಿವಿ ಹಿಂದಕ್ಕೆ ಮಡಿಚುತ್ತಿತ್ತು. ಧಾರವಾಡದ ಕಚೇರಿಗೆ ಹೋಗುವ ದಿನ ಮಾತ್ರ ಅದನ್ನು ಮನೆಯಲ್ಲಿ ಬಿಟ್ಟು ಬಸ್ಸಿಗೆ ಹೋಗುತ್ತಿದ್ದರು. ಸಂಜೆ ಬಸ್ಸಿಳಿದು ಬಾವಿಯ ತಿರುವಿಗೆ ಬಂದರೆ ಸಾಕು, ಹೆಜ್ಜೆಯ ಸಪ್ಪಳ ಗುರುತು ಹಿಡಿದು ಕೆನೆಯುತ್ತಿತ್ತು. ಅದು ಕೆನೆದರೆ ನಾನು ಚಹಾಕ್ಕೆ ನೀರಿಡುತ್ತಿದ್ದೆ. ಅವರು ಕೈಕಾಲು ತೊಳೆದು ಒಳಗೆ ಬರುವುದಕ್ಕೂ ಚಹಾ ಕುದಿಯುವುದಕ್ಕೂ ಸರಿಯಾಗುತ್ತಿತ್ತು. ನನ್ನ ಹೆಜ್ಜೆಗೆ ಅದು ಒಂದು ದಿನವೂ ದನಿ ತೆಗೆದದ್ದಿಲ್ಲ. ಅವರು ಹೋದ ಮೇಲೆ ಯಾರ ಹೆಜ್ಜೆಗೂ ತೆಗೆದಿಲ್ಲ.

ಇವತ್ತು ಅಣ್ಣಿಗೇರಿಯಿಂದ ಮೈದುನ ಶಂಕ್ರಪ್ಪ ಬಂದಿದ್ದ.

"ವೈನಿ, ಒಬ್ಬಾಕಿ ಇಲ್ಲಿ ಕೂತು ಏನ್ ಮಾಡ್ತೀರಿ? ನಮ್ಮಲ್ಲಿ ಬಂದಬಿಡ್ರಿ. ಮನಿ ತುಂಬ ಹುಡುಗರು ಅದಾವು, ನಿಮಗೂ ಹೊತ್ತ ಹೋಗತೈತಿ."

"ತಟ್ಟು?" ಎಂದೆ.

"ನಮ್ಮೂರಾಗ ಒಬ್ಬ ಸ್ವಾಮ್ಯಾರಿಗೆ ಬೇಕಾಗೇತಿ. ಕಾರಹುಣ್ಣಿವಿ ಮುಗದ ಮ್ಯಾಲ ಆಳ ಕಳಸ್ತೀನಿ, ಹೊಡ್ಕೊಂಡ ಬರ್ತಾನ. ಅದರ ಹಿಂದ ನೀವೂ ಬರ್ರಿ."

ಆಗಲಿ ಎಂದೆ. ಬೇಡ ಎನ್ನಲು ಕಾರಣ ಏನೂ ಹೊಳೆಯಲಿಲ್ಲ.

೧೯ ಜೂನ್, ಸೋಮವಾರ

ಇವತ್ತು ಹೊನ್ನುಗ್ಗಿ, ನಾಳೆ ಕಾರಹುಣ್ಣಿಮೆ. ಮನೆಯವರು ಉಣ್ಣುವ ಮೊದಲು ಎತ್ತುಗಳಿಗೆ ಹುಗ್ಗಿ ತಿನ್ನಿಸುವ ದಿನ. ಓಣಿಯ ತುಂಬ ಬೆಲ್ಲ ಕುದಿಯುವ ವಾಸನೆ. ಬಾಜು ಮನೆಯ ರೇವವ್ವ ತನ್ನ ಜೋಡಿ ಎತ್ತಿಗೆ ಗಂಗಾಳದಲ್ಲಿ ಹುಗ್ಗಿ ಹಿಡಿದು, ಮಕ್ಕಳಿಗೆ ಮಾಡಿದ ಹಾಗೆ ಮುದ್ದು ಮಾಡುತ್ತಿದ್ದಳು.

ನಮ್ಮಲ್ಲಿ ಎತ್ತಿಲ್ಲ. ಆದರೂ ನಾನು ಪ್ರತಿ ವರ್ಷ ಹುಗ್ಗಿ ಮಾಡಿದ್ದೇನೆ. ತಟ್ಟು ಮನೆಗೆ ಬಂದು ಹದಿನಾಲ್ಕು ವರ್ಷ. ಮೊದಲ ವರ್ಷ ಬಿಟ್ಟರೆ ಒಂದು ಹೊನ್ನುಗ್ಗಿಗೂ ಅವರು ಮನೆಯಲ್ಲಿದ್ದವರಲ್ಲ. ನಸುಕಿನಲ್ಲೇ ತಟ್ಟು ಹತ್ತಿ ಹೊರಟರೆ ಬರುವುದು ದೀಪ ಹಚ್ಚಿದ ಮೇಲೆ. ಹಬ್ಬದ ದಿನವೇ ಸರಕಾರಕ್ಕೆ ಇವರ ನೆನಪಾಗುತ್ತದೆಯೇ ಎಂದು ಗೊಣಗಿಕೊಂಡು ಒಬ್ಬಳೇ ಉಂಡಿದ್ದೇನೆ. ಉಣ್ಣದೆಯೂ ಇದ್ದೇನೆ.

ಈ ಸಲ ತಟ್ಟು ಹಿತ್ತಲಲ್ಲೇ ನಿಂತಿತ್ತು. ಹೇಗೂ ನಾಲ್ಕು ದಿನದಲ್ಲಿ ಹೊರಟು ಹೋಗುವ ಜೀವ. ಹಬ್ಬದ ದಿನ ಒಣ ಹುಲ್ಲು ಹಾಕಿ ಕಳಿಸಿದರೆ ಜನ ಏನೆಂದಾರು? ಗೋಧಿ ಹುಗ್ಗಿ ಒಂದು ಬಕೀಟು ಮಾಡಿ, ಆರಿಸಿ, ಮುಂದಿಟ್ಟೆ. ಮೊದಲು ಮೂಸಿತು. ಆಮೇಲೆ ಬಕೀಟಿನಲ್ಲಿ ಮುಖ ಹಾಕಿದ್ದು ತಳ ನೆಕ್ಕುವ ತನಕ ಎತ್ತಲಿಲ್ಲ. ಎತ್ತಿದ ಮೇಲೆ ನನ್ನ ಅಂಗೈಗೆ ಮೂತಿ ಒತ್ತಿತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ! ನನಗೆ ಎಷ್ಟು ಖುಷಿಯಾಯಿತೆಂದರೆ ಒಳಗೆ ಹೋಗಿ ನನ್ನ ಪಾಲಿನದನ್ನೂ ತಂದೆ. ರೇವವ್ವ ಗೋಡೆಯ ಆಚೆಯಿಂದ ಉಳಿದ ಜೋಳದ ಕಿಚಡಿ ಕೊಟ್ಟಳು, ಅದನ್ನೂ ಹಾಕಿದೆ. ಇನ್ನೊಂದು ಬಕೀಟು ತುಂಬಿತು. ಎಲ್ಲವನ್ನೂ ತಿಂದಿತು.

ನಾನು ಮಾಡಿದ್ದನ್ನು ಒಬ್ಬರು ಎದುರಿಗೆ ನಿಂತು ಹೊಟ್ಟೆ ತುಂಬ ತಿಂದು ಎಷ್ಟು ದಿನವಾಗಿತ್ತು!

೨೧ ಜೂನ್, ಬುಧವಾರ

ನಿನ್ನೆ ಮೇವು ಮುಟ್ಟಲಿಲ್ಲ, ಲದ್ದಿ ನೀರಾಗಿತ್ತು. ಹಬ್ಬದೂಟ ಯಾರಿಗೆ ಹೆಚ್ಚಾಗುವುದಿಲ್ಲ ಎಂದು ಸುಮ್ಮನಾದೆ.

ಇವತ್ತು ಮುಂಜಾನೆ ನೋಡಿದರೆ ನಿಂತ ರೀತಿಯೇ ಬೇರೆ. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂದೆ ಹಾಕಿ ನಿಂತಿದೆ. ಹಗ್ಗ ಹಿಡಿದು ಎಳೆದರೆ ಒಂದು ಹೆಜ್ಜೆ ಇಡದು. ಮೊಂಡುತನ ಎಂದುಕೊಂಡು ಬೈದೆ. ಆಮೇಲೆ ನೋಡಿದೆ, ಮೈಯೆಲ್ಲ ಬೆವೆತು ನಡುಗುತ್ತಿತ್ತು. ಗೊರಸಿಗೆ ಕೈ ಹಚ್ಚಿದೆ. ರೊಟ್ಟಿಯ ಹಂಚು ಇಳಿಸಿ ಸ್ವಲ್ಪ ಹೊತ್ತಾದ ಮೇಲೆ ಇರುವಷ್ಟು ಬಿಸಿ.

ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಲಘಟಗಿಗೆ, ನಾಲು ಕಟ್ಟುವ ದಾವೂದಸಾಬರಿಗೆ ಹೇಳಿ ಕಳಿಸಿದೆ. ಏನಾಗಿದೆಯೋ ತಿಳಿಯದು. ಏನಾಗಿದೆ ಎಂದು ಒಳಗೊಳಗೇ ತಿಳಿದಂತೆಯೂ ಇದೆ.

೨೨ ಜೂನ್, ಗುರುವಾರ

ದಾವೂದಸಾಬರು ಬಂದಿದ್ದರು. ಬಿಳಿ ಗಡ್ಡದ ಸಮಾಧಾನಿ ಮನುಷ್ಯ. ತಟ್ಟುವಿಗೆ ಮೊದಲ ನಾಲು ಬಡಿದವರೂ ಅವರೇ. ಅಂಗಳದಲ್ಲಿ ನಿಂತು ನಮ್ಮ ಮನೆಯವರ ಖಾಲಿ ಕುರ್ಚಿ ನೋಡಿ ಒಂದು ಗಳಿಗೆ ತಲೆ ತಗ್ಗಿಸಿದರು. ಆಮೇಲೆ ಗೊರಸು ಮುಟ್ಟಿ, ಅದರ ಮೇಲಿನ ನಾಡಿ ಹಿಡಿದು ನೋಡಿದರು.

"ಕಾಲ ಹಿಡದಾವ್ರಿ ಅಕ್ಕಾರ. ಎರಡೂ ಮುಂಗಾಲು. ಏನ್ ಹಾಕಿದ್ರಿ ಇದಕ್ಕ?"

"ದಿನಾ ಹಾಕೂದ. ಹುಲ್ಲು" ಎಂದೆ.

ಅವರು ನನ್ನ ಮುಖ ನೋಡಲಿಲ್ಲ. ಒಂದೊಂದೇ ಮೊಳೆ ಕಿತ್ತು ನಾಲ್ಕೂ ನಾಲು ಬಿಚ್ಚಿದರು. ಒಂದೊಂದು ಮೊಳೆ ಕಿತ್ತಾಗಲೂ ತಟ್ಟು ನರಳಿತು. ಡಾಕ್ಟರನ್ನು ತಾವೇ ಕರೆತರುವುದಾಗಿ ಹೇಳಿ ಹೋದರು.

ಸುಳ್ಳು ಹೇಳಿದೆ. ಐವತ್ತು ದಾಟಿದವಳು, ನಿತ್ಯ ವಿಭೂತಿ ಹಚ್ಚಿ ಲಿಂಗಪೂಜೆ ಮಾಡುವವಳು, ಹುಗ್ಗಿಯ ಬಕೀಟನ್ನು ಕಟ್ಟಿಗೆಯ ಹಿಂದೆ ಮುಚ್ಚಿಟ್ಟು ಸುಳ್ಳು ಹೇಳಿದೆ.

೨೪ ಜೂನ್, ಶನಿವಾರ

ದನದ ದವಾಖಾನೆಯ ಡಾಕ್ಟರು ಬಂದರು. ಅವರೂ ಅದನ್ನೇ ಕೇಳಿದರು. ದಾವೂದಸಾಬರ ಎದುರಿಗೇ ಹೇಳಿಬಿಟ್ಟೆ: ಹೊನ್ನುಗ್ಗಿಯ ದಿನ ಎರಡು ಬಕೀಟು ಹುಗ್ಗಿ.

ಡಾಕ್ಟರು ಕಣ್ಣಿನ ಚಾಳೀಸು ತೆಗೆದು ಗಾಜು ಒರೆಸಿಕೊಂಡರು. "ಎತ್ತು ಅರಗಿಸ್ಕೊಂಡಿದ್ದನ್ನ ಕುದರಿ ಅರಗಿಸ್ಕೊಳ್ಳೂದಿಲ್ರಿ ಬಾಯಾರ. ಹೊಟ್ಟ್ಯಾಗಿನ ನಂಜು ಕಾಲಿಗೆ ಇಳದೈತಿ. ಗೊರಸಿನೊಳಗ ಒಂದ ಎಲಬು ಇರತೈತಿ, ಅದನ್ನ ಹಿಡಕೊಂಡಿರೂ ಮಾಂಸ ಬಾತದ. ಬಾತರ ಉಬ್ಬಾಕ ಜಾಗಾನ ಇಲ್ಲ, ಸುತ್ತ ಗಟ್ಟಿ ಗೊರಸು. ಅದರ ನೋವು ಅದಕ್ಕ ಗೊತ್ತು."

"ಉಳೀತೈತೇನ್ರಿ?"

"ಎಲಬು ಕೆಳಗ ಜಾರಿ ಅಂಗಾಲು ಒಡದು ಬಂದ್ರ ಮುಗೀತು. ಆಮ್ಯಾಲ ಇಟಗೊಳ್ಳೂದು ಪಾಪ, ಒಂದ ಸೂಜಿ ಚುಚ್ಚಿ ಮಲಗಿಸಬೇಕಾಗತೈತಿ. ಅಮಾಸಿ ಆದ ಮ್ಯಾಲ ಬಂದು ನೋಡಿ ಹೇಳ್ತೀನಿ."

ಈ ರೋಗಕ್ಕೆ ಒಂದು ಇಂಗ್ಲಿಷ್ ಹೆಸರು ಹೇಳಿದರು, ನಾಲಿಗೆಗೆ ಹತ್ತಲಿಲ್ಲ. ನೋವಿಗೆ ಸೂಜಿ ಹಾಕಿದರು. ಕಾಳು ಬೇಡ, ಬೆಲ್ಲ ಬೇಡ, ಹಸಿರು ಹುಲ್ಲು ಒಂದು ಎಸಳೂ ಬೇಡ, ಒಣ ಹುಲ್ಲು ಮಾತ್ರ. ಕಾಲ ಕೆಳಗೆ ಹಸಿ ಮಣ್ಣು ಹಾಕಿ ದಿನಾ ತಣ್ಣೀರು ಬಿಡಬೇಕು.

ಹೊರಡುವಾಗ ದಾವೂದಸಾಬರ ಹಿಂದೆ ಹೋಗಿ, "ಅವತ್ತ ಸುಳ್ಳು ಹೇಳಿದೆ" ಎಂದೆ.

"ಗೊತ್ತಿತ್ರಿ ಅಕ್ಕಾರ. ಲದ್ದಿ ನೋಡಿದ್ರ ಗೊತ್ತಾಗತೈತಿ" ಎಂದರು. "ಪ್ರೀತಿಲೇ ಹಾಕೀರಿ. ವೈರತ್ವಕ್ಕ ಹಾಕಿಲ್ಲಲ್ಲ."

ಬೈದಿದ್ದರೆ ವಾಸಿ ಇತ್ತು. ಅವರು ಹೋದ ಮೇಲೆ ಮನೆ ಮೊದಲಿಗಿಂತ ಖಾಲಿಯಾಯಿತು.

೨೫ ಜೂನ್, ರವಿವಾರ

ರೇವವ್ವ ತನ್ನ ಎತ್ತಿನ ಚಕ್ಕಡಿ ಕೊಟ್ಟಳು. ಕೆರೆಯಿಂದ ಎರಡು ಚಕ್ಕಡಿ ಜಿಗಟು ಮಣ್ಣು ಬಂತು. ಚಪ್ಪರದ ಕೆಳಗೆ ತಗ್ಗು ತೋಡಿಸಿ ಅರ್ಧ ಮಣ್ಣು ಸುರಿದು ಕೆಸರು ಮಾಡಿದೆ. ಉಳಿದದ್ದನ್ನು ಬಾಜುಕ್ಕೆ ರಾಶಿ ಹಾಕಿ ಗೋಣಿ ಮುಚ್ಚಿದೆ. ತಟ್ಟುವನ್ನು ಆ ಹತ್ತು ಹೆಜ್ಜೆ ನಡೆಸಲು ಮುಂಜಾನೆಯಿಂದ ಮಧ್ಯಾಹ್ನವಾಯಿತು. ಕೆಸರಿನಲ್ಲಿ ಕಾಲಿಟ್ಟ ಮೇಲೆ ಒಂದು ಉದ್ದ ಉಸಿರು ಬಿಟ್ಟಿತು.

ಬಾವಿಯಿಂದ ಹದಿನೆಂಟು ಕೊಡ ನೀರು. ರಟ್ಟೆ ಮೇಲೇಳುತ್ತಿಲ್ಲ.

೨೮ ಜೂನ್, ಬುಧವಾರ

ರೇವವ್ವನ ಕೂಡ ಜಗಳ. ಗೋಡೆಯ ಆಚೆಯಿಂದ ಒಂದು ಹೊರೆ ಎಳೆಯ ಹಸಿರು ಹುಲ್ಲು ತಂದು ಗೋದಲಿಗೆ ಹಾಕುವವಳಿದ್ದಳು. ತಟ್ಟು ಕುತ್ತಿಗೆ ಚಾಚಿತ್ತು. ನಾನು ಓಡಿ ಹೋಗಿ ಅವಳ ಕೈಯಿಂದ ಕಸಿದು ಗೋಡೆಯ ಆಚೆಗೇ ಒಗೆದೆ.

"ಹಾಕಬ್ಯಾಡ ಇದಕ್ಕ!" ಎಂದೆ.

"ಊರ ದನಾ ಎಲ್ಲಾ ಇದನ್ನ ತಿಂದ ಬದಕ್ಯಾವ. ನಾ ತಂದದ್ದರಾಗ ವಿಷ ಐತೇನಬೇ?" ಎಂದಳು ರೇವವ್ವ. "ಗಂಡನ್ನ ಕಳಕೊಂಡಾಳ ಅಂತ ಸುಮ್ಮನದೀನಿ. ನಿನ್ನ ಸೊಕ್ಕ ಮಾತ್ರ ಹೋಗಿಲ್ಲ."

ಹೋಗಿಬಿಟ್ಟಳು. ನಾನಾದರೂ ಏನು ಮಾಡಲಿ, ಕಸಿಯದಿದ್ದರೆ ತಿಂದುಬಿಡುತ್ತಿತ್ತು. ಊರಲ್ಲಿ ನನ್ನ ಕೂಡ ಮಾತಾಡುತ್ತಿದ್ದವಳು ಅವಳೊಬ್ಬಳೇ.

ಮಳೆ ಹಿಡಿದಿದೆ. ಎಲ್ಲಿ ನೋಡಿದರೂ ಹಸಿರು. ಕಣ್ಣಿಗೆ ಕಾಣುವ ಮೇವೆಲ್ಲ ಇದಕ್ಕೆ ಕೆಟ್ಟದ್ದು.

೩೦ ಜೂನ್, ಶುಕ್ರವಾರ

ನಿನ್ನೆಯಿಂದ ಮಲಗಿದೆ, ಎದ್ದಿಲ್ಲ. ಅಣ್ಣಿಗೇರಿಯಿಂದ ಶಂಕ್ರಪ್ಪನ ಆಳು ಬಂದ. ನೋಡಿದ, ತಂದ ಹಗ್ಗವನ್ನು ಹೆಗಲ ಮೇಲೆ ಹಾಕಿಕೊಂಡು ತಿರುಗಿ ಹೋದ.

೧ ಜುಲೈ

ಎದ್ದಿಲ್ಲ. ಮಲಗಿದಲ್ಲೇ ನೀರು ಕುಡಿಸಿದೆ. ಮಳೆ.

೨ ಜುಲೈ, ರವಿವಾರ

ಹಿಂದೆ ಯಾವತ್ತಾದರೂ ತಟ್ಟುವಿಗೆ ಹೀಗಾಗಿತ್ತೇ, ಏನು ಔಷಧ ಮಾಡಿದ್ದರು ಎಂದು ನೋಡಲು ಅವರ ಹಳೆಯ ವಹಿಗಳನ್ನೆಲ್ಲ ಅಟ್ಟದಿಂದ ಇಳಿಸಿದೆ. ವರ್ಷಕ್ಕೊಂದರಂತೆ ಹದಿನಾಲ್ಕು. ಯಾವ ಊರು, ಎಷ್ಟು ಮಕ್ಕಳಿಗೆ ಚುಚ್ಚಿದ್ದು, ಎಷ್ಟು ಮೈಲು, ತಟ್ಟು ಏನು ತಿಂದದ್ದು. ಮುಂಜಾನೆಯಿಂದ ಓದಿದೆ. ಔಷಧ ಸಿಗಲಿಲ್ಲ. ೧೯೬೫ರ ವಹಿಯಲ್ಲಿ ಇದು ಸಿಕ್ಕಿತು:

"ಹೊನ್ನುಗ್ಗಿ. ಹೋದ ವರ್ಷದಂತೆ ಆಗಬಾರದೆಂದು ಸರದಾರನನ್ನು ಕರೆದುಕೊಂಡು ನಸುಕಿನಲ್ಲೇ ಹೊರಬಿದ್ದೆ. ಕೆಲಸ ಏನೂ ಇಲ್ಲ. ದಿನವೆಲ್ಲ ಹಳ್ಳದ ದಂಡೆಯಲ್ಲಿ ಕೂತೆವು."

ಮುಂದಿನ ವರ್ಷದ್ದು ತೆಗೆದೆ. ಅದೇ. ಅದರ ಮುಂದಿನದೂ ಅದೇ. ೧೯೭೧ರದು ಸ್ವಲ್ಪ ಉದ್ದ ಇದೆ:

"ಹೊನ್ನುಗ್ಗಿ. ಮಳೆ. ಮರದ ಕೆಳಗೆ ನಿಂತರೂ ಇಬ್ಬರೂ ತೋಯ್ದೆವು. ಮನೆಯಲ್ಲಿ ಹುಗ್ಗಿ ಆರಿ ಹೋಗಿರಬೇಕು. ಗೌರಿ ಉಣ್ಣದೆ ಕೂತಿರುತ್ತಾಳೆ. ತಿನ್ನಿಸಲು ಅವಳಿಗೆ ಇರುವವರು ನಾವಿಬ್ಬರೇ. ಸರದಾರನಿಗೆ ಬೇಡ ಎಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾಳೆ. ಅದು ನನ್ನಿಂದ ನೋಡಲಾಗದು. ಇವನಿಗೆ ತಿನ್ನಿಸಿದರೆ ಇವನು ಉಳಿಯುವುದಿಲ್ಲ. ತೋಯುವುದೇ ಲೇಸು."

೧೯೬೫ರ ವಹಿಯಲ್ಲಿ ಬರೆದ ಆ ಹೋದ ವರ್ಷ ಎಂದರೆ ೧೯೬೪. ನೆನಪಾಯಿತು. ತಟ್ಟು ಬಂದ ಹೊಸತು. ನಾನು ಹುಗ್ಗಿ ಒಯ್ದು ಮುಂದಿಟ್ಟಿದ್ದೆ. ಅವರು ಓಡಿ ಬಂದು ನನ್ನ ಕೈಯಿಂದ ಕಸಿದುಕೊಂಡಿದ್ದರು. "ಹಾಕಬ್ಯಾಡ ಇದಕ್ಕ" ಎಂದಿದ್ದರು, ಅಷ್ಟೇ. ಯಾಕೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. "ನನ್ನ ಕೈಯಾಗ ವಿಷ ಐತೇನ?" ಎಂದವಳು ನಾಲ್ಕು ದಿನ ಅವರ ಕೂಡ ಮಾತಾಡಿರಲಿಲ್ಲ.

ಹದಿಮೂರು ಹಬ್ಬ! ಅವರು ಹಳ್ಳದ ದಂಡೆಯಲ್ಲಿ ಉಪವಾಸ, ನಾನು ಒಲೆಯ ಮುಂದೆ ಉಪವಾಸ. ಇಡೀ ತಾಲೂಕಿನ ಮಕ್ಕಳಿಗೆ ಸೂಜಿ ಚುಚ್ಚುವಾಗ ಅವರ ತಾಯಂದಿರಿಗೆ ತಾಸುಗಟ್ಟಲೆ ತಿಳಿಸಿ ಹೇಳುತ್ತಿದ್ದ ಮನುಷ್ಯ. ಮನೆಯಲ್ಲಿ ಒಂದು ಮಾತು, ಒಂದೇ ಒಂದು ಮಾತು: ಇದನ್ನು ತಿಂದರೆ ಕುದುರೆ ಸಾಯುತ್ತದೆ ಗೌರಿ, ಎಂದಿದ್ದರೆ! ನನ್ನನ್ನು ಅವರು ಹೆಸರಿನಿಂದ ಕರೆದದ್ದೇ ಇಲ್ಲ. ವಹಿಯಲ್ಲಿ ಮಾತ್ರ ಗೌರಿ ಎಂದು ಬರೆದುಕೊಂಡಿದ್ದಾರೆ.

ಸಿಟ್ಟು ತಡೆಯಲಾಗಲಿಲ್ಲ. ವಹಿ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಮಳೆಯಲ್ಲೇ ನಿಂತು, "ಈರಬಸಪ್ಪಾ!" ಎಂದು ಹೆಸರು ಹಿಡಿದು ಕೂಗಿದೆ. ಮೂವತ್ತು ವರ್ಷದಲ್ಲಿ ಮೊದಲ ಸಲ. "ಯಾಕ ಹೇಳಲಿಲ್ಲ? ಯಾಕ ಹೇಳಲಿಲ್ಲ ನನಗ?" ಎಂದು ಗಂಟಲು ಹರಿಯುವಂತೆ ಕೂಗಿದೆ. ಓಣಿಯವರು ಕೇಳಿದರೆ ಕೇಳಲಿ.

ಚಪ್ಪರದ ಕೆಳಗೆ ತಟ್ಟುವಿನ ಕಿವಿ ನಿಮಿರಿತು. ಆ ಹೆಸರನ್ನು ಹುಡುಕುವ ಹಾಗೆ ಬಾಗಿಲ ಕಡೆ ನೋಡಿತು. ಮುಂಗಾಲು ಊರಿತು, ಜಾರಿತು, ಮತ್ತೆ ಊರಿತು. ನಾನು ಓಡಿ ಹೋಗಿ ಹೆಗಲು ಕೊಟ್ಟೆ. ಸರದಾರ ಎದ್ದು ನಿಂತ. ಕಾಲು ನಡುಗುತ್ತಿದ್ದರೂ ನಿಂತ. ಅವನ ಕುತ್ತಿಗೆಗೆ ಮುಖ ಹಚ್ಚಿ ಅತ್ತೆ. ಫೆಬ್ರುವರಿಯಲ್ಲಿ ಜನ ಸುತ್ತ ಕೂತು ಅಳು ಅಳು ಎಂದರೂ ಬರದ ಅಳು ಈಗ ಬಂತು.

೩ ಜುಲೈ

ನಿಂತಿದ್ದಾನೆ. ಒಣ ಹುಲ್ಲು ತಿಂದ. ಮಣ್ಣು ಬದಲಿಸಿದೆ, ಇಪ್ಪತ್ತು ಕೊಡ ನೀರು. ಹದಿನಾಲ್ಕು ವರ್ಷದ್ದು ಹೇಳುವುದು ಬಹಳ ಇತ್ತು, ಹೇಳುತ್ತಾ ಹೋದೆ. ಕಿವಿ ಹಿಂದಕ್ಕೆ ಮಾಡಲಿಲ್ಲ.

೫ ಜುಲೈ, ಬುಧವಾರ

ಮಣ್ಣೆತ್ತಿನ ಅಮಾವಾಸ್ಯೆ. ಮಣ್ಣಿನ ಎತ್ತು ಮಾಡಿ ಪೂಜಿಸುವ ದಿನ, ಆದರೆ ಮಣ್ಣೆಲ್ಲಿದೆ? ಕೆರೆ ತುಂಬಿ ಮಣ್ಣು ತೆಗೆಯುವ ಜಾಗವೆಲ್ಲ ಮುಳುಗಿದೆ. ಮುಂಜಾನೆ ಓಣಿಯ ಲಕ್ಷ್ಮವ್ವ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ನಿಮ್ಮಲ್ಲಿ ಹದಾ ಮಾಡಿದ ಮಣ್ಣ ಐತಂತಲ್ರಿ?" ಎಂದಳು.

"ಬಾ ಒಳಗ" ಎಂದೆ. "ತುಳದದ್ದಲ್ಲ ತಗೋ, ಬಾಜುಕಿನ ರಾಶಿ ಬ್ಯಾರೆ ಐತಿ."

ಅವಳು ಹೋಗಿ ಯಾರಿಗೆ ಹೇಳಿದಳೋ, ಒಂಬತ್ತು ಗಂಟೆಗೆ ಹಿತ್ತಲು ತುಂಬ ಹೆಂಗಸರು. ಐದು ತಿಂಗಳಿನಿಂದ ನನ್ನನ್ನು ಕಂಡರೆ ಏನು ಮಾತಾಡಬೇಕೆಂದು ತಿಳಿಯದೆ ದಾರಿ ಬದಲಿಸುತ್ತಿದ್ದವರು. ಮಣ್ಣಿನ ವಿಷಯವಾದರೆ ಎಲ್ಲರಿಗೂ ಮಾತಿದೆ. ಇವನನ್ನೂ ನೋಡಿದರು, ಪಾಪ ಎಂದರು.

ಎಲ್ಲರ ಹಿಂದೆ ರೇವವ್ವ. ಮುಖ ಆ ಕಡೆ ಮಾಡಿ ಬುಟ್ಟಿ ಮಾತ್ರ ಮುಂದೆ ಚಾಚಿದಳು. ನಾನು ಬುಟ್ಟಿ ತುಂಬಿ, ಅದನ್ನು ಕೊಡದೆ ಹಿಡಿದುಕೊಂಡೆ.

"ರೇವವ್ವ, ಅವತ್ತ ಕಸಗೊಂಡದ್ದು ತಪ್ಪಾತು. ಹೇಳಬೇಕಾಗಿತ್ತು. ಕುದರಿಗೆ ಹಸರ ಹುಲ್ಲು ಈಗ ವಿಷ. ಡಾಕ್ಟರು ಹೇಳ್ಯಾರ. ನಾ ಹಾಕಿದ ಹುಗ್ಗಿಲೇ ಹಿಂಗಾಗೇತಿ. ನಿನ್ನ ಹುಲ್ಲಿನ ತಪ್ಪಲ್ಲ."

ರೇವವ್ವ ನನ್ನನ್ನೇ ನೋಡಿದಳು. "ಹುಗ್ಗಿಲೇನ? ಅಯ್ಯ ನಮ್ಮವ್ವ, ಕಿಚಡಿ ನಾನೂ ಕೊಟ್ಟಿದ್ನಲ್ಲಬೇ!" ಎಂದು ಬಾಯಿಗೆ ಸೆರಗು ಹಚ್ಚಿದಳು. ಇಬ್ಬರೂ ಮಣ್ಣಿನ ರಾಶಿಯ ಮೇಲೆ ಕೂತೆವು. ಸಂಜೆ ಅವಳ ಮನೆಯಿಂದ ನನಗೆ ಹೋಳಿಗೆ ಬಂತು. "ನಿನಗ ಅಷ್ಟ, ಅವಗ ಅಲ್ಲ" ಎಂದು ನಾಲ್ಕು ಸಲ ಹೇಳಿ ಕೊಟ್ಟು ಹೋದಳು.

೮ ಜುಲೈ, ಶನಿವಾರ

ಡಾಕ್ಟರೂ ದಾವೂದಸಾಬರೂ ಬಂದರು. ಡಾಕ್ಟರ ಚೀಲದಲ್ಲಿ ಮಲಗಿಸುವ ಆ ಸೂಜಿಯೂ ಇದ್ದೀತು ಎಂದು ಚೀಲವನ್ನೇ ನೋಡುತ್ತಿದ್ದೆ.

ದಾವೂದಸಾಬರು ಗೊರಸು ಎತ್ತಿ ಹಿಡಿದರು. ಡಾಕ್ಟರು ಮಣ್ಣು ತೊಳೆದು ಅಂಗಾಲು ಒತ್ತಿ ಒತ್ತಿ ನೋಡಿದರು. ಎಡಗಾಲು, ಆಮೇಲೆ ಬಲಗಾಲು, ಮತ್ತೆ ಎಡಗಾಲು. ನಾನು ಗೋದಲಿ ಹಿಡಿದುಕೊಂಡು ನಿಂತೆ.

"ಎಲಬು ಇಳದಿಲ್ರಿ" ಎಂದರು.

ದಾವೂದಸಾಬರು ಗೊರಸಿನ ಮುಂದಿನ ತುದಿಯನ್ನು ಹೆರೆದು ತುಸು ಗಿಡ್ಡ ಮಾಡಿದರು. ಇನ್ನು ಇವನ ಮೇಲೆ ಯಾರೂ ಹತ್ತುವಂತಿಲ್ಲ, ಗಟ್ಟಿ ದಾರಿ ಕೂಡದು, ಬದುಕಿರುವ ತನಕ ಒಣ ಮೇವು. "ಯಾವ ಕೆಲಸಕ್ಕೂ ಬರೂದಿಲ್ರಿ ಬಾಯಾರ, ಸುಮ್ಮ ಸಾಕಬೇಕಾಗತೈತಿ" ಎಂದರು ಡಾಕ್ಟರು, ನನಗೆ ಬೇಜಾರಾಗಬಹುದೆಂದು ಮೆತ್ತಗೆ.

ಶಂಕ್ರಪ್ಪನ ಕಾರ್ಡು ಬಂದಿದೆ. ಸ್ವಾಮಿಗಳಿಗೆ ಕುಂಟು ತಟ್ಟು ಬೇಡವಂತೆ. ಅದನ್ನು ಯಾರಿಗಾದರೂ ಕೊಟ್ಟು ಪಂಚಮಿಯೊಳಗೆ ಬಂದುಬಿಡಿ ಎಂದು ಬರೆದಿದ್ದಾನೆ. ಕಾರ್ಡು ಎಲ್ಲಿಟ್ಟೆನೋ, ನೆನಪಾಗುತ್ತಿಲ್ಲ.

೧೬ ಜುಲೈ, ರವಿವಾರ

ಹಗ್ಗ ಹಿಡಿಯದೆ ಗೋದಲಿಯಿಂದ ಹಿತ್ತಲ ಬಾಗಿಲ ತನಕ ನಡೆದ. ಗೋಡೆಯ ಮೇಲಿಂದ ರೇವವ್ವ, "ಬಂದ್ರಲ್ಲ ಸರದಾರರು" ಎಂದಳು. ಬಾಗಿಲು ಹಾಕಿರಬೇಕು, ಹೊರಗಿನ ಹಸಿರಿನ ಮೇಲೆ ಅವನ ಕಣ್ಣು. ಬಾಯಿ ಚಪಲದಲ್ಲಿ ನನ್ನ ಹಾಗೆಯೇ ಇದ್ದಾನೆ.

೨೨ ಜುಲೈ, ಶನಿವಾರ

ಅವನ ಗೊರಸಿಗೆ ಕಟ್ಟಲು ದಾವೂದಸಾಬರು ಚರ್ಮದ ಮೆತ್ತೆ ಹೊಲಿದಿಟ್ಟಿದ್ದರು. ತರಲು ಕಲಘಟಗಿಗೆ ಹೋಗಿದ್ದೆ. ಬಸ್ಸು ಹತ್ತಿದ ಮೇಲೆ ಹೊಳೆಯಿತು, ಫೆಬ್ರುವರಿಯಿಂದ ಊರು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ದಾವೂದಸಾಬರ ಹೆಂಡತಿ ಶರೀಫಾಬಿ ಊಟ ಮಾಡದೆ ಬಿಡಲಿಲ್ಲ. ಶಂಕ್ರಪ್ಪನಿಗೆ ಕಾರ್ಡು ಹಾಕಿದೆ: ಪಂಚಮಿಗೆ ಆಗುವುದಿಲ್ಲ, ದೀಪಾವಳಿಗೆ ಎರಡು ದಿನದ ಮಟ್ಟಿಗೆ ಬಂದು ಹೋಗುತ್ತೇನೆ, ಅದೂ ರೇವವ್ವ ಸರದಾರನನ್ನು ನೋಡಿಕೊಳ್ಳಲು ಒಪ್ಪಿದರೆ.

ಸಂಜೆಯ ಬಸ್ಸಿಗೆ ಬಂದೆ. ನನ್ನ ಕೂಡ ಇಳಿದವರು ಯಾರೂ ಇರಲಿಲ್ಲ. ಮಳೆ ನಿಂತು ದಾರಿಯೆಲ್ಲ ಕೆಸರು. ಮೆತ್ತೆಯ ಗಂಟನ್ನು ಬಗಲಲ್ಲಿ ಇಟ್ಟುಕೊಂಡು ಬಾವಿಯ ತಿರುವಿಗೆ ಬಂದಾಗ ಮನೆಯ ಕಡೆಯಿಂದ ಸರದಾರ ಕೆನೆದ.

ಅವರು ಬಂದರು ಎಂದುಕೊಂಡೆ. ಅಯ್ಯೋ, ಇನ್ನೂ ಚಹಾಕ್ಕೆ ನೀರಿಟ್ಟಿಲ್ಲ ಎಂದು ಕಾಲು ಬೀಸಿ ನಡೆದೆ. ಕೆಸರಿನಲ್ಲಿ ಒಂದು ಚಪ್ಪಲಿ ಸಿಕ್ಕಿಕೊಂಡಿತು, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಳ ದಾಟಿದೆ. ಅವನು ಇನ್ನೊಮ್ಮೆ ಕೆನೆದ.

ಬಾಗಿಲಿಗೆ ಬೀಗ ಇತ್ತು. ಕೀಲಿ ನನ್ನ ಸೊಂಟದಲ್ಲೇ ಇತ್ತು. ಒಳಗೆ ಯಾರೂ ಇಲ್ಲ, ಹಿಂದೆಯೂ ಯಾರೂ ಬರುತ್ತಿಲ್ಲ. ಬಂದವಳು ನಾನೇ.

ಬಹಳ ಹೊತ್ತು ಕಟ್ಟೆಯ ಮೇಲೆ ಕೂತೆ. ಆಮೇಲೆ ಕೀಲಿ ತೆಗೆದು, ಕೈಕಾಲು ತೊಳೆದು, ಚಹಾ ಮಾಡಿಕೊಂಡು ಕುಡಿದೆ.